ಸಂಬಳವೆಷ್ಟು ಎಂದು ಕೇಳಿದಾಗ

ಹುಣಸೂರಿನ ಬಸ್ ನಿಲ್ದಾಣದಲ್ಲಿ ಅಪರಿಚಿತರ ಪಕ್ಕದಲ್ಲಿ ಹತ್ತು ನಿಮಿಷ ಕುಳಿತವನಿಗೆ ಮೂರು ಪ್ರಶ್ನೆಗಳು ತಪ್ಪಿದ್ದಲ್ಲ: ಯಾವ ಊರು, ಯಾರ ಪೈಕಿ, ಸಂಬಳ ಎಷ್ಟು. ಕೇಳುವವರ ಮನಸ್ಸಿನಲ್ಲಿ ಕೇಡಿರುವುದಿಲ್ಲ. “ಎಷ್ಟ್ ಬತ್ತದಪ್ಪಾ ತಿಂಗ್ಳಿಗೆ?” ಎಂದ ಹಿರಿಯನು, ಉತ್ತರ ಕೇಳಿ, “ಪರ್ವಾಗಿಲ್ಲ ಬುಡು” ಎಂದು ಎಲೆಯಡಕೆಯ ಸಂಚಿಯನ್ನು ಬಿಚ್ಚುತ್ತಾನೆ. ಹುಡುಗನು ಬಸ್ಸು ಹತ್ತಿ ಹೋದ ಮೇಲೆ ಆ ಅಂಕಿಯಿಂದ ಹಿರಿಯನಿಗೆ ಲಾಭವಿಲ್ಲ, ಹುಡುಗನಿಗೆ ನಷ್ಟವಿಲ್ಲ. ಅದು ಈ ಸೀಮೆಯ ಕುಶಲಪ್ರಶ್ನೆಯ ಒಂದು ಪ್ರಕಾರ, ಅಷ್ಟೆ.

ಇದೇ ಮೂರು ಪ್ರಶ್ನೆಗಳನ್ನು ಕೆಲಸ ಕೊಡಿಸುವ ಏಜೆಂಟನೊಬ್ಬ ದೂರವಾಣಿಯಲ್ಲಿ ಕೇಳಿದಾಗ ಸಂಗತಿ ಬೇರೆಯಾಗುತ್ತದೆ. ಅಲ್ಲಿ ಪ್ರತಿಯೊಂದು ಉತ್ತರಕ್ಕೂ ಬೆಲೆಯುಂಟು. ಆ ಬೆಲೆಯನ್ನು ತೆರುವವನು ಬಹುಮಟ್ಟಿಗೆ ಉತ್ತರ ಹೇಳಿದವನೇ. ಕೇಳಿದ್ದಕ್ಕೆ ಹೇಳದಿರುವುದು ಅವಿನಯವೆಂದು ಬಾಲ್ಯದಿಂದ ಕಲಿತುಬಂದ ತರುಣರು ಈ ಎರಡು ಸಂದರ್ಭಗಳ ನಡುವಣ ಅಂತರವನ್ನು ಕಾಣದೆ, ಬಸ್ ನಿಲ್ದಾಣದ ಸರಳತೆಯಲ್ಲಿಯೇ ಏಜೆಂಟನಿಗೂ ಎಲ್ಲವನ್ನೂ ಒಪ್ಪಿಸಿಬಿಡುತ್ತಾರೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಇಂದು ಒಂದು ಕಾಲು ಹೊಲದಲ್ಲಿದ್ದರೆ ಇನ್ನೊಂದು ಕಾಲು ಕಾರ್ಖಾನೆಯಲ್ಲಿದೆ. ತಂದೆ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹೊಂದಿಸುತ್ತಿರುತ್ತಾನೆ ಅಥವಾ ನಾಲೆಯ ನೀರಿಗೆ ಕಾಯುತ್ತಿರುತ್ತಾನೆ, ಮಗನು ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿ ಮೈಸೂರಿನ ಹೂಟಗಳ್ಳಿಗೋ ಹೆಬ್ಬಾಳಕ್ಕೋ ಕೂರ್ಗಳ್ಳಿಗೋ ಹೋಗಿಬರುತ್ತಾನೆ. ಕೋಟೆಯ ಕಡೆಯವರಿಗೆ ನಂಜನಗೂಡು ಹತ್ತಿರ. ಕೃಷ್ಣರಾಜನಗರದವರಿಗೆ ಅರಸೀಕೆರೆ ಮಾರ್ಗದ ರೈಲಿನ ಅನುಕೂಲವೂ ಉಂಟು. ಮೊದಲ ಕೆಲಸವನ್ನು ಇವರಲ್ಲಿ ಅನೇಕರು ಗುತ್ತಿಗೆದಾರನ ಮೂಲಕ, ಮನೆಯ ಅವಸರಕ್ಕೆ, ಕೊಟ್ಟಷ್ಟಕ್ಕೆ ಒಪ್ಪಿಕೊಂಡು ಸೇರಿದವರು. ಎರಡು ಮೂರು ವರ್ಷಗಳಲ್ಲಿ ಕೈ ಕುದುರುತ್ತದೆ, ಯಂತ್ರದ ಮರ್ಮ ತಿಳಿಯುತ್ತದೆ. ಅಷ್ಟರಲ್ಲಿ ಒಂದು ದಿನ ಅಪರಿಚಿತ ಕರೆ ಬರುತ್ತದೆ: “ಒಳ್ಳೇ ಕಂಪನೀಲಿ ಕೆಲಸ ಇದೆ, ಆಸಕ್ತಿ ಇದೆಯಾ?”

ಕೆಲಸವಿಲ್ಲದವನಿಗೆ ಈ ಕರೆ ಬಂದರೆ ಅವನು ಕಳೆದುಕೊಳ್ಳುವುದೇನೂ ಇಲ್ಲ. ಕೆಲಸದಲ್ಲಿರುವವನ ಪಾಡು ಹಾಗಲ್ಲ. ಅವನ ಕೈಯಲ್ಲೊಂದು ಸಂಬಳವಿದೆ. ಆ ಸಂಬಳದ ಮೇಲೆ ತಂಗಿಯ ಕಾಲೇಜಿನ ಶುಲ್ಕ, ಸಹಕಾರ ಸಂಘದ ಸಾಲದ ಕಂತು, ಅಮ್ಮನ ಔಷಧಿ ನಿಂತಿವೆ. ಹೊಸ ಕೆಲಸ ಸಿಕ್ಕುವ ಮುನ್ನ ಹಳೆಯ ಕೆಲಸಕ್ಕೆ ಸಂಚಕಾರ ಬರಬಾರದು. ಸಿಕ್ಕ ಹೊಸ ಕೆಲಸ ಹಳೆಯ ಸಂಬಳದ ನೆರಳಾಗಿಯೂ ಇರಬಾರದು. ಏಜೆಂಟನ ಪ್ರಶ್ನೆಗಳು ಈ ಎರಡಕ್ಕೂ ಬಂದು ತಾಗುತ್ತವೆ.

ಮೊದಲು ಸಂಬಳದ ಪ್ರಶ್ನೆ. “ಈಗ ಎಷ್ಟು ತೆಗೆದುಕೊಳ್ಳುತ್ತಿದ್ದೀರಿ?” ಎಂಬುದು ಬಹುಮಟ್ಟಿಗೆ ಮೊದಲ ನಿಮಿಷದಲ್ಲಿಯೇ ಬರುತ್ತದೆ. ಒಂದು ಲೆಕ್ಕ ಹಾಕಿ ನೋಡಬಹುದು. ಪಿರಿಯಾಪಟ್ಟಣದ ಕಡೆಯ ಫಿಟ್ಟರ್ ಒಬ್ಬನಿಗೆ ತಿಂಗಳಿಗೆ ೧೬,೦೦೦ ರೂಪಾಯಿ ಬರುತ್ತಿದೆಯೆಂದೂ, ಹೊಸ ಕಂಪನಿ ಆ ಹುದ್ದೆಗೆ ೨೮,೦೦೦ ರೂಪಾಯಿಯವರೆಗೆ ತೆಗೆದಿರಿಸಿದೆಯೆಂದೂ ಇಟ್ಟುಕೊಳ್ಳೋಣ. ಹುಡುಗನು ಹದಿನಾರು ಸಾವಿರವೆಂದು ಹೇಳಿದ ಕೂಡಲೇ ಆ ಕಡೆಯ ಮಾತು, “ನೂರಕ್ಕೆ ಇಪ್ಪತ್ತು ಹೆಚ್ಚು ಕೊಡಿಸುತ್ತೇನೆ” ಎಂದು ತಿರುಗುತ್ತದೆ. ೧೯,೨೦೦ ರೂಪಾಯಿ ಕೇಳಿ ಹುಡುಗನು ಹಿಗ್ಗುತ್ತಾನೆ. ತಿಂಗಳಿಗೆ ೮,೮೦೦ ರೂಪಾಯಿ, ವರ್ಷಕ್ಕೆ ೧,೦೫,೬೦೦ ರೂಪಾಯಿ ತನ್ನ ಬಾಯಿಂದಲೇ ಜಾರಿತೆಂಬುದು ಅವನಿಗೆ ತಿಳಿಯುವುದು, ಪಕ್ಕದ ಯಂತ್ರದವನ ಜೊತೆ ಊಟದ ಡಬ್ಬಿ ಬಿಚ್ಚಿ ಕುಳಿತ ದಿನ. ಮೂರನೆಯ ಕೆಲಸಕ್ಕೆ ಹೋಗುವಾಗ ಈ ೧೯,೨೦೦ ರೂಪಾಯಿಯೇ ಹೊಸ ಅಳತೆಗೋಲಾಗುತ್ತದೆ. ಅವಸರದಲ್ಲಿ ಒಪ್ಪಿಕೊಂಡ ಮೊದಲ ಸಂಬಳವು ಹೀಗೆ ವರ್ಷಗಟ್ಟಲೆ ಬೆನ್ನು ಬಿಡದು.

ಈ ನಾಡಿನ ಜನರಿಗೆ ವ್ಯಾಪಾರದ ನಯ ತಿಳಿಯದೆಂದು ಯಾರೂ ಹೇಳಲಾರರು. ಕರ್ನಾಟಕದಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ಹರಾಜು ಪದ್ಧತಿ ೧೯೮೪ರಲ್ಲಿ ಆರಂಭವಾಯಿತು. ಕಟ್ಟೆಮಳಲವಾಡಿಯ ಅಥವಾ ಕಂಪಲಾಪುರದ ಹರಾಜು ಕಟ್ಟೆಯಲ್ಲಿ ಬೇಲುಗಳ ಸಾಲಿನ ನಡುವೆ ಖರೀದಿದಾರರು ನಡೆದುಹೋಗುವಾಗ ಸೊಪ್ಪಿನ ಬಣ್ಣ ನೋಡುತ್ತಾರೆ, ಮುಟ್ಟಿ ನೋಡುತ್ತಾರೆ, ದರ್ಜೆ ನೋಡುತ್ತಾರೆ. “ನಿನ್ನ ಸಾಲ ಎಷ್ಟಿದೆ? ಮೂರು ವರ್ಷದ ಹಿಂದೆ ನಿನಗೆ ಏನು ಸಿಕ್ಕಿತ್ತು? ಅದರ ಮೇಲೆ ಸ್ವಲ್ಪ ಸೇರಿಸಿ ಕೊಡುತ್ತೇನೆ” ಎಂದು ಖರೀದಿದಾರನು ಕೇಳಿದರೆ ರೈತನು ನಗುತ್ತಾನೆ ಇಲ್ಲವೇ ಜಗಳಕ್ಕೆ ನಿಲ್ಲುತ್ತಾನೆ. ದರ ಸರಿಕಾಣದೆ ಹರಾಜು ನಿಲ್ಲಿಸಿದ ಬೆಳೆಗಾರರ ಮಕ್ಕಳೇ ತಮ್ಮ ದುಡಿಮೆಯನ್ನು ಮಾರುವಾಗ ಮಾತ್ರ ಹಿಂದಿನ ದರವನ್ನು ಮುಂದಿಟ್ಟು ಕೈಕಟ್ಟಿ ನಿಲ್ಲುವುದು ಆಶ್ಚರ್ಯವೇ ಸರಿ.

ಕೃಷ್ಣರಾಜನಗರದ ಸೀಮೆಯವರಿಗೆ ಇನ್ನೂ ಹತ್ತಿರದ ನಿದರ್ಶನವಿದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯಲ್ಲಿ ಸೇರುವ ದನಗಳ ಜಾತ್ರೆ ಹೆಸರಾದದ್ದು. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ವ್ಯಾಪಾರ ಕುದುರಿಸುವ ಪದ್ಧತಿಯನ್ನು ಬಲ್ಲವರು ಈಗಲೂ ಇದ್ದಾರೆ. ಸುತ್ತ ನೂರು ಜನ ನಿಂತಿದ್ದರೂ ಅಂಕಿ ಇಬ್ಬರಿಗೆ ಮಾತ್ರ ಗೊತ್ತು. ಇದನ್ನು ಯಾರೂ ಕಪಟವೆನ್ನಲಿಲ್ಲ. ಬೆಲೆಯು ಗುಟ್ಟಾಗಿದ್ದರೆ ಎರಡು ಪಕ್ಷಕ್ಕೂ ಮಾನ ಎಂದೇ ತಿಳಿದರು. ಏಜೆಂಟನ ಮುಂದೆ ಸಂಬಳವನ್ನು ಹೇಳದಿರುವ ತರುಣನು ಈ ಟವೆಲನ್ನು ಹೊದಿಸುತ್ತಿದ್ದಾನೆಯೇ ಹೊರತು ಬೇರೇನನ್ನೂ ಅಲ್ಲ.

ಆದರೆ ಹೊದಿಸುವ ಬಗೆಯಲ್ಲಿ ನಯ ಬೇಕು. “ಅದೆಲ್ಲಾ ನಿಮಗ್ಯಾಕೆ?” ಎಂದರೆ ಮಾತು ಮುರಿದುಬೀಳುತ್ತದೆ. ಪ್ರಶ್ನೆಯನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸುವುದು ಉತ್ತಮ. “ಸಾರ್, ಈಗಿನದು ಈಗಿನ ಕೆಲಸದ ಲೆಕ್ಕ. ಈ ಹುದ್ದೆಗೆ ಕಂಪನಿಯವರು ಎಷ್ಟರಿಂದ ಎಷ್ಟರವರೆಗೆ ಇಟ್ಟಿದ್ದಾರೆ ಹೇಳಿ. ನನಗೆ ಆಗುತ್ತೋ ಇಲ್ಲವೋ ಈಗಲೇ ಹೇಳಿಬಿಡ್ತೀನಿ, ನಿಮ್ಮ ಸಮಯವೂ ಉಳಿಯುತ್ತೆ.” ಇಷ್ಟು ಹೇಳಿದರೆ ನೂರಕ್ಕೆ ಐವತ್ತು ಮಂದಿಯಾದರೂ ಅಂಕಿಯನ್ನು ಬಿಚ್ಚುತ್ತಾರೆಂದು ಭರವಸೆ ಕೊಡಲಾಗದು, ಕೆಲವರು ಹಟ ಹಿಡಿಯುತ್ತಾರೆ. ಆಗ ನಿರೀಕ್ಷೆಯ ಅಂಕಿಯನ್ನು ಹೇಳಬಹುದು: “ನಾನು ನೋಡ್ತಾ ಇರೋದು ಇಪ್ಪತ್ತಾರರ ಮೇಲಿನ ಕೆಲಸ.” ಈ ಅಂಕಿಯನ್ನು ಕರೆ ಬಂದ ಮೇಲೆ ಯೋಚಿಸಬಾರದು. ಅದೇ ಕೆಲಸಕ್ಕೆ ಆಸುಪಾಸಿನ ನಾಲ್ಕು ಕಾರ್ಖಾನೆಗಳಲ್ಲಿ ಏನು ನಡೆಯುತ್ತಿದೆಯೆಂದು ಸ್ನೇಹಿತರಿಂದ ಮೊದಲೇ ತಿಳಿದಿರಬೇಕು. ಮೂರನೆಯ ಸಲವೂ ಒತ್ತಾಯವಾದರೆ, ಆ ಕೆಲಸವು ತೀರ ಬೇಕಾದದ್ದಾದರೆ, ನಿಜವಾದ ಅಂಕಿಯನ್ನು ಹೇಳಿ ಅದರ ಜೊತೆಗೇ ಕಾರಣವನ್ನೂ ಹೇಳಬಹುದು: “ಅದು ಟ್ರೈನಿಯಾಗಿ ಸೇರಿದಾಗಿನ ಸಂಬಳ ಸಾರ್, ಈಗ ನಾನು ಮಾಡ್ತಿರೋ ಕೆಲಸದ ಸಂಬಳ ಅಲ್ಲ.”

ಸುಳ್ಳು ಅಂಕಿ ಮಾತ್ರ ಎಂದೂ ಕೂಡದು. ಇದು ನೀತಿಯ ಮಾತಷ್ಟೇ ಅಲ್ಲ, ಲೆಕ್ಕದ ಮಾತು. ಮೂರು ತಿಂಗಳ ಸಂಬಳದ ಚೀಟಿ, ಬ್ಯಾಂಕಿನ ಪಟ್ಟಿ, ಭವಿಷ್ಯನಿಧಿಯ ಖಾತೆ, ಇವುಗಳಲ್ಲಿ ಯಾವುದಾದರೊಂದು ನಾಳೆ ಬಾಯಿ ಬಿಡುತ್ತದೆ. ಭವಿಷ್ಯನಿಧಿಗೆ ಮೂಲವೇತನ ಮತ್ತು ತುಟ್ಟಿಭತ್ಯದ ಮೇಲೆ ಸಾಮಾನ್ಯವಾಗಿ ನೂರಕ್ಕೆ ೧೨ರಂತೆ ಕಡಿತವಾಗುವುದರಿಂದ, ಕಡಿತದ ಅಂಕಿಯನ್ನು ಕಂಡವನು ಮೂಲವೇತನವನ್ನು ಕ್ಷಣದಲ್ಲಿ ಹೇಳಬಲ್ಲ. ಹೇಳದಿರುವುದಕ್ಕೂ ಸುಳ್ಳು ಹೇಳುವುದಕ್ಕೂ ಇರುವ ಅಂತರ ಇಲ್ಲಿ ಬಹಳ ದೊಡ್ಡದು: ಮೊದಲನೆಯದರಿಂದ ಒಂದು ಕರೆ ತಪ್ಪಬಹುದು, ಎರಡನೆಯದರಿಂದ ಸೇರಿದ ಕೆಲಸವೇ ಆರು ತಿಂಗಳ ಮೇಲೆ ಹೋಗಬಹುದು, ಅಷ್ಟರಲ್ಲಿ ಹಳೆಯ ಕೆಲಸವೂ ಇರುವುದಿಲ್ಲ.

ಇಲ್ಲಿ ಅಂಕಿಗಳ ಇನ್ನೊಂದು ಗೊಂದಲವಿದೆ. ಏಜೆಂಟನು ಕೇಳುವುದು ಸಿ.ಟಿ.ಸಿ., ಅಂದರೆ ಒಬ್ಬ ನೌಕರನಿಗಾಗಿ ಕಂಪನಿಯು ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಹುಡುಗನು ಹೇಳುವುದು ಕೈಗೆ ಬರುವ ಹಣ. ಕಂಪನಿಯ ಪಾಲಿನ ಭವಿಷ್ಯನಿಧಿ, ಮೂಲವೇತನದ ನೂರಕ್ಕೆ ೪.೮೧ರಷ್ಟಾಗುವ ಗ್ರಾಚ್ಯುಯಿಟಿ, ಬೋನಸ್ಸು, ಕೆಲವೆಡೆ ಬಸ್ಸು ಮತ್ತು ಊಟದ ಖರ್ಚು ಸಹ ಮೊದಲನೆಯದರಲ್ಲಿ ಸೇರುತ್ತವೆ. ಎರಡನೆಯದರಲ್ಲಿ ಒಂದೂ ಇಲ್ಲ. ಕೈಗೆ ಬರುವುದನ್ನೇ ಸಿ.ಟಿ.ಸಿ. ಎಂದು ತಿಳಿದು ಹೇಳಿದವನು ತನ್ನ ಬೆಲೆಯನ್ನು ತಾನೇ ಇಳಿಸಿಕೊಂಡಂತೆ. ಹೊಸ ಕಂಪನಿಯ ವಾರ್ಷಿಕ ಅಂಕಿಯನ್ನು ಕೇಳಿ ಹನ್ನೆರಡರಿಂದ ಭಾಗಿಸಿ ಮನೆಯಲ್ಲಿ ಹಬ್ಬ ಮಾಡಿದವನಿಗೂ ಮೊದಲ ತಿಂಗಳ ಕೊನೆಯಲ್ಲಿ ನಿರಾಶೆ ಕಾದಿರುತ್ತದೆ. “ಕೈಗೆ ಎಷ್ಟು ಬರುತ್ತೆ ಸಾರ್?” ಎಂದು ಕೇಳುವ ಹಕ್ಕು ಕೆಲಸಕ್ಕೆ ಹೋಗುವವನಿಗೂ ಉಂಟು.

ಏಜೆಂಟನ ಪಕ್ಷವನ್ನೂ ನೋಡಬೇಕು. ಅವನೂ ಹೊಟ್ಟೆಪಾಡಿಗೆ ದುಡಿಯುವವನು. ಹುದ್ದೆ ತುಂಬಿದರೆ ಕಂಪನಿಯಿಂದ ಅವನಿಗೆ ಶುಲ್ಕ ಬರುತ್ತದೆ. ವರ್ಷದ ಸಂಬಳದ ನೂರಕ್ಕೆ ೮.೩೩, ಅಂದರೆ ಒಂದು ತಿಂಗಳ ಸಂಬಳದಷ್ಟು, ಎಂಬುದು ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ದರ. ಹೀಗಿರುವಾಗ ಹುಡುಗನ ಸಂಬಳ ಹೆಚ್ಚಿದರೆ ಅವನಿಗೂ ಲಾಭವಲ್ಲವೇ ಎಂದು ಕೇಳಬಹುದು. ಲಾಭವೇ, ಆದರೆ ಒಬ್ಬನಿಗೆ ಎರಡು ಸಾವಿರ ಹೆಚ್ಚು ಕೊಡಿಸಲು ವಾರಗಟ್ಟಲೆ ಹೆಣಗುವುದಕ್ಕಿಂತ ಅದೇ ವಾರದಲ್ಲಿ ಇನ್ನಿಬ್ಬರನ್ನು ಸೇರಿಸುವುದು ಅವನಿಗೆ ಹೆಚ್ಚು ಲಾಭ. ಅವನ ಒಡೆಯನು ಕಂಪನಿ, ಅಭ್ಯರ್ಥಿಯಲ್ಲ; ಇದನ್ನು ನೆನಪಿಟ್ಟರೆ ಅವನ ಮೇಲೆ ಸಿಟ್ಟೂ ಬರುವುದಿಲ್ಲ, ಅತಿ ನಂಬಿಕೆಯೂ ಹುಟ್ಟುವುದಿಲ್ಲ. ಶುಲ್ಕವನ್ನು ಅಭ್ಯರ್ಥಿಯಿಂದಲೇ ಕೇಳುವವನ ಜಾತಿ ಮಾತ್ರ ಬೇರೆ. “ನೋಂದಣಿಗೆ ಎರಡು ಸಾವಿರ ಹಾಕಿ” ಎಂದವನೊಡನೆ ಮಾತು ಬೆಳೆಸುವ ಅಗತ್ಯವೇ ಇಲ್ಲ.

ಎಲ್ಲ ಪ್ರಶ್ನೆಯೂ ಅಧಿಕಪ್ರಸಂಗವಲ್ಲ. ನೋಟಿಸಿನ ಅವಧಿ ಎಷ್ಟು, ರಾತ್ರಿಪಾಳಿ ಆಗುತ್ತದೆಯೇ, ಯಾವ ಯಂತ್ರದ ಮೇಲೆ ಕೈ ಪಳಗಿದೆ, ಇವುಗಳಿಗೆ ನೇರವಾಗಿ ಉತ್ತರಿಸತಕ್ಕದ್ದು. ಬಾಂಡ್ ಬರೆದುಕೊಟ್ಟಿದ್ದೀರಾ ಎಂಬ ಪ್ರಶ್ನೆಯೂ ಅಂಥದೇ. ಕೆಲಸ ಬಿಟ್ಟ ಮೇಲೆ ಬೇರೆಲ್ಲಿಯೂ ಸೇರಬಾರದೆಂದು ತಡೆಯುವ ಕರಾರು ೧೮೭೨ರ ಕರಾರು ಕಾಯಿದೆಯ ೨೭ನೆಯ ಕಲಮಿನಂತೆ ನಿಲ್ಲಲಾರದು. ಆದರೆ ಇಂತಿಷ್ಟು ವರ್ಷ ದುಡಿಯದೆ ಬಿಟ್ಟರೆ ಇಂತಿಷ್ಟು ಹಣ ಕಟ್ಟಬೇಕೆಂಬ ಕರಾರಿನ ಮಾತು ಬೇರೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಮುಗಿಯುವ ಮುನ್ನ ಬೇರೆ ಬ್ಯಾಂಕಿಗೆ ಹೋಗಲು ಎರಡು ಲಕ್ಷ ರೂಪಾಯಿ ಕಟ್ಟಬೇಕಾಗಿ ಬಂದು, ಆ ವ್ಯಾಜ್ಯ ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ೨೦೨೫ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬ್ಯಾಂಕಿನ ಪರವಾಗಿ ತೀರ್ಪಿತ್ತಿತು. ಬಾಂಡಿದ್ದವನು ಅದನ್ನು ಮುಚ್ಚಿಟ್ಟು ಹೊಸ ಕೆಲಸಕ್ಕೆ ಒಪ್ಪಿಕೊಳ್ಳುವುದು ತನಗೇ ಕಷ್ಟ. ಹೊಸ ಕಂಪನಿಯೇ ಆ ಹಣವನ್ನು ಭರಿಸುವುದೇ ಎಂದು ಕೇಳಿ ನೋಡುವುದರಲ್ಲಿ ತಪ್ಪೇನೂ ಇಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು, ನೋಡಲು ಸಾಧುವಾಗಿ ಕಾಣುವ ಮೂರು ಪ್ರಶ್ನೆಗಳಲ್ಲಿ. “ನಿಮ್ಮ ಮ್ಯಾನೇಜರ್ ಯಾರು, ಅವರ ನಂಬರ್ ಕೊಡಿ.” ಈ ನಂಬರಿಗೆ ಒಂದು ಕರೆ ಹೋದರೆ, ಹುಡುಗನು ಬಿಡಲು ಹೊರಟಿದ್ದಾನೆಂಬ ಸುದ್ದಿ ಅವನಿಗಿಂತ ಮೊದಲು ಅವನ ಶೆಡ್ಡನ್ನು ಸೇರುತ್ತದೆ. ಗುತ್ತಿಗೆಯ ನೌಕರನಾದರೆ ಮರುದಿನ ಗೇಟಿನಲ್ಲಿ, “ನಾಳೆಯಿಂದ ಬೇಡಪ್ಪ” ಎಂದು ಹೇಳಿಸಿಕೊಳ್ಳುವ ಸಂಭವವೂ ಇದೆ. ಹಳೆಯ ಕಂಪನಿಯ ಅಭಿಪ್ರಾಯ ಬೇಕಾದರೆ, ನೇಮಕದ ಪತ್ರ ಕೈಗೆ ಬಂದು ರಾಜೀನಾಮೆ ಕೊಟ್ಟ ಮೇಲೆ ಕೇಳಲಿ. ಅದಕ್ಕೂ ಮುಂಚೆ, ಅದಕ್ಕಿಂತ ಹಿಂದೆ ಕೆಲಸ ಮಾಡಿದ ಕಡೆಯವರ ಹೆಸರನ್ನೋ ಐ.ಟಿ.ಐ. ಮೇಷ್ಟರ ಹೆಸರನ್ನೋ ಕೊಟ್ಟರೆ ಸಾಲದೇ?

ಎರಡನೆಯದು, “ನಿಮ್ಮ ಜೊತೆ ಆ ಕೆಲಸ ಬಲ್ಲವರು ಇನ್ನು ಯಾರಿದ್ದಾರೆ?” ಹೆಸರು ಹೇಳಿದವನು ಸ್ನೇಹಿತರಿಗೆ ಉಪಕಾರ ಮಾಡಿದೆನೆಂದು ತಿಳಿಯುತ್ತಾನೆ. ಅವರಲ್ಲೊಬ್ಬನು ಹೆದರಿ ಮೇಲಿನವರಿಗೆ ತಿಳಿಸಿದರೆ, ಅಥವಾ ಅವರಲ್ಲೊಬ್ಬನೇ ಆ ಹುದ್ದೆಯನ್ನು ಕಡಿಮೆ ಸಂಬಳಕ್ಕೆ ಒಪ್ಪಿಕೊಂಡರೆ, ಉಪಕಾರದ ರೂಪ ಬದಲಾಗುತ್ತದೆ. “ಅವರನ್ನ ಕೇಳಿ ಹೇಳ್ತೀನಿ ಸಾರ್” ಎಂಬ ಉತ್ತರ ಸಾಕು. ಮೂರನೆಯದು, “ಬೇರೆ ಎಲ್ಲೆಲ್ಲಿ ನೋಡುತ್ತಿದ್ದೀರಿ?” ಇದಕ್ಕೆ ಕಂಪನಿಯ ಹೆಸರು ಹೇಳಿದರೆ, ಏಜೆಂಟನು ತನ್ನ ಪಟ್ಟಿಯ ಬೇರೆ ನಾಲ್ವರನ್ನು ಅಲ್ಲಿಗೇ ಕಳುಹಿಸುವುದುಂಟು. ಅಲ್ಲಿ ಹುದ್ದೆ ಖಾಲಿಯಿದೆಯೆಂಬ ವರ್ತಮಾನವನ್ನು ಅವನಿಗೆ ಪುಕ್ಕಟೆಯಾಗಿ ಕೊಟ್ಟಂತಾಯಿತು.

ಹೆಣ್ಣುಮಕ್ಕಳಿಗೆ ಬರುವ ಪ್ರಶ್ನೆಗಳ ಪಟ್ಟಿ ಇನ್ನೂ ಉದ್ದ. ಮದುವೆಯಾಗಿದೆಯೇ, ಯಾವಾಗ ಆಗುತ್ತೀರಿ, ಮಕ್ಕಳೆಷ್ಟು, ಇನ್ನೊಂದು ಮಗುವಿನ ಯೋಚನೆ ಇದೆಯೇ, ರಾತ್ರಿ ತಡವಾದರೆ ಮನೆಯವರು ಏನೆನ್ನುತ್ತಾರೆ. ಇದು ಇಂದಿನ ಪಿಡುಗಲ್ಲ. ಪಿರಿಯಾಪಟ್ಟಣದ ಗಡಿಯಾಚೆಯ ಕೊಡಗಿನವರೇ ಆದ, ವಿರಾಜಪೇಟೆಯಲ್ಲಿ ಜನಿಸಿದ ಸಿ.ಬಿ. ಮುತ್ತಮ್ಮನವರು ೧೯೪೯ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆ. ಸಂದರ್ಶನ ಮಂಡಲಿಯವರೇ ಅವರನ್ನು ಈ ಸೇವೆ ಬೇಡವೆಂದು ಹಿಂದೆಗೆಸಲು ಯತ್ನಿಸಿದರು; ವಿವಾಹವಾದರೆ ರಾಜೀನಾಮೆ ಕೊಡುವೆನೆಂದು ಅವರಿಂದ ಬರೆಸಿಕೊಳ್ಳಲಾಯಿತು. ಮೂರು ದಶಕಗಳ ಸೇವೆಯ ಬಳಿಕ ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ೧೯೭೯ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಅಷ್ಟರೊಳಗೆ ಸರ್ಕಾರವು ಮುತ್ತಮ್ಮನವರಿಗೆ ಬಡ್ತಿಯನ್ನೂ ಕೊಟ್ಟಿತ್ತು.

ಪ್ರಶ್ನೆಯೇ ನ್ಯಾಯಾಲಯದ ಮುಂದೆ ಬಂದ ಪ್ರಸಂಗ ಇನ್ನೊಂದು. ಜೀವವಿಮಾ ನಿಗಮದಲ್ಲಿ ೧೯೮೯ರಲ್ಲಿ ಸೇರಿದ ಮಹಿಳೆಯೊಬ್ಬರು ಮುಂದೆ ಹೆರಿಗೆಯ ರಜೆಯ ಮೇಲೆ ಹೋದಾಗ, ಸೇರುವಾಗ ತುಂಬಿದ ಪತ್ರದಲ್ಲಿ ಸುಳ್ಳು ಬರೆದರೆಂಬ ಕಾರಣದಿಂದ ೧೯೯೦ರ ಫೆಬ್ರವರಿಯಲ್ಲಿ ಅವರನ್ನು ತೆಗೆದುಹಾಕಲಾಯಿತು. ಆ ಪತ್ರದಲ್ಲಿ ಕೇಳಿದ್ದುದಾದರೂ ಏನು? ಮುಟ್ಟು ಕ್ರಮವಾಗಿ ಆಗುತ್ತದೆಯೇ, ಕೊನೆಯ ಮುಟ್ಟಿನ ದಿನಾಂಕವೇನು, ಎಷ್ಟು ಸಲ ಗರ್ಭ ನಿಂತಿತ್ತು, ಗರ್ಭಪಾತವಾಗಿತ್ತೇ! ಸುಪ್ರೀಂ ಕೋರ್ಟು ೧೯೯೧ರ ಅಕ್ಟೋಬರಿನಲ್ಲಿ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಆಜ್ಞಾಪಿಸಿ, ಇಂಥ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ ಕುಂದು ತರುವಂಥವೆಂದು ಹೇಳಿ, ಆ ಕಲಮುಗಳನ್ನು ತೆಗೆದುಹಾಕುವಂತೆ ನಿಗಮಕ್ಕೆ ಸೂಚಿಸಿತು. ಇಂದು ಯಾವ ಕಂಪನಿಯೂ ಹೀಗೆ ಅಚ್ಚುಹಾಕಿಸಿ ಕೇಳಲಾರದು. ಬಾಯಿಮಾತಿನಲ್ಲಿ ಸುತ್ತಿಬಳಸಿ ಕೇಳುವುದು ಮಾತ್ರ ನಿಂತಿಲ್ಲ. ಹೆರಿಗೆ ಸೌಲಭ್ಯದ ಕಾಯಿದೆಗೆ ೨೦೧೭ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ ೨೬ ವಾರಗಳಿಗೆ ಏರಿದ ಮೇಲಂತೂ ಈ ಕುತೂಹಲಕ್ಕೆ ಹೊಸ ಕಾರಣ ದೊರೆಯಿತು.

ಇಂಥ ಪ್ರಶ್ನೆಗೆ ಉತ್ತರಿಸುವಾಗ, ಅದರ ಹಿಂದೆ ನ್ಯಾಯವಾದ ಸಂದೇಹವೇನಾದರೂ ಇದ್ದರೆ ಅದಕ್ಕಷ್ಟೇ ಉತ್ತರ ಕೊಡುವುದು ಜಾಣತನ. “ಮದುವೆ ಯಾವಾಗಮ್ಮ?” ಎಂದರೆ, “ಪಾಳಿಗೆ ತಪ್ಪದೆ ಬರೋದಕ್ಕೆ ನನಗೆ ತೊಂದರೆ ಇಲ್ಲ ಸಾರ್. ನೀವು ತಿಳ್ಕೋಬೇಕಾಗಿರೋದು ಅದೇ ಅಲ್ವಾ?” ಎನ್ನಬಹುದು. ಸಾಲಿಗ್ರಾಮದಿಂದಲೋ ಬೆಟ್ಟದಪುರದಿಂದಲೋ ಮೊದಲ ಬಾರಿಗೆ ಮೈಸೂರಿಗೆ ಬಂದು ಎದುರಿಗೆ ಕುಳಿತ ಹುಡುಗಿಗೆ ಈ ಮಾತು ಬಾಯಿಗೆ ಬರುವುದು ಸುಲಭವಲ್ಲ. ಹಿಂದಿನ ರಾತ್ರಿ ಅಕ್ಕನನ್ನೋ ಗೆಳತಿಯನ್ನೋ ಎದುರಿಗೆ ಕೂರಿಸಿಕೊಂಡು ನಾಲ್ಕು ಸಲ ಹೇಳಿ ರೂಢಿ ಮಾಡಿಕೊಂಡರೆ ಬರುತ್ತದೆ.

ಇನ್ನು ‘ಯಾರ ಪೈಕಿ’ ಎಂಬ ಪ್ರಶ್ನೆ. ಸರ್ಕಾರದ ಕೆಲಸಕ್ಕೆ ಜಾತಿಯನ್ನು ಬರೆಯಿಸುವುದಕ್ಕೆ ಈ ನಾಡಿನಲ್ಲಿ ಗೌರವದ ಇತಿಹಾಸವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ೧೯೧೮ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯಿಂದ ಹಿಡಿದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ೧೯೭೨ರಲ್ಲಿ ನೇಮಿಸಿದ ಹಾವನೂರು ಆಯೋಗದವರೆಗೆ, ಅಲ್ಲಿ ಕೇಳಿದ್ದು ಬಾಗಿಲು ತೆರೆಯುವುದಕ್ಕಾಗಿ. ಖಾಸಗಿ ಏಜೆಂಟನು “ತಂದೆಯ ಪೂರ್ತಿ ಹೆಸರು?”, “ಊಟ ಯಾವ ರೀತಿ?”, “ಊರಲ್ಲಿ ಯಾವ ಬೀದಿ?” ಎಂದು ಸುತ್ತು ಹಾಕುವುದು ಯಾವುದಕ್ಕಾಗಿ ಎಂಬುದನ್ನು ಕೇಳಿಸಿಕೊಂಡವರು ಬಲ್ಲರು. ಕೋಟೆಯ ಕಾಡಂಚಿನ ಜೇನುಕುರುಬ, ಕಾಡುಕುರುಬ ತರುಣರಿಗೆ ವಿಳಾಸದ ಸಾಲೇ ಒಂದು ತೊಡಕು. ‘ಹಾಡಿ’ ಎಂಬ ಎರಡಕ್ಷರ ಬರೆದ ಕೂಡಲೇ ಎದುರಿನವನ ದನಿ ಬದಲಾಗುವುದುಂಟು. ಮೊದಲ ಕರೆಯಲ್ಲಿ ತಾಲ್ಲೂಕಿನ ಹೆಸರಷ್ಟೇ ಸಾಕು. ಪೂರ್ಣ ವಿಳಾಸವು ನೇಮಕದ ಪತ್ರ ಕಳುಹಿಸುವ ಹೊತ್ತಿಗೆ ಬೇಕಾದದ್ದು, ಅದಕ್ಕೆ ಮುಂಚೆ ಅಲ್ಲ.

ದಾಖಲೆಗಳ ಸಂಗತಿಯೂ ಹೀಗೆಯೇ. ಆಧಾರ್, ಪ್ಯಾನ್, ಬ್ಯಾಂಕಿನ ಪಟ್ಟಿ, ಭವಿಷ್ಯನಿಧಿಯ ಯು.ಎ.ಎನ್. ಸಂಖ್ಯೆ ಎಲ್ಲವನ್ನೂ “ಪ್ರೊಫೈಲ್ ಕಳಿಸ್ಬೇಕು, ಬೇಗ ವಾಟ್ಸಾಪ್ ಮಾಡಿ” ಎಂದು ಕೇಳುವ ಅವಸರಕ್ಕೆ ಮಣಿಯಬೇಕಾಗಿಲ್ಲ. ೨೦೧೪ರಿಂದ ಬಳಕೆಗೆ ಬಂದ ಯು.ಎ.ಎನ್. ಒಂದರಲ್ಲಿ ನೌಕರನು ಎಲ್ಲೆಲ್ಲಿ ಎಷ್ಟೆಷ್ಟು ಕಾಲ ದುಡಿದನೆಂಬ ಚರಿತ್ರೆಯೇ ಅಡಗಿದೆ. ಅದರ ಜೊತೆಗೆ ಮೊಬೈಲಿಗೆ ಬಂದ ಓ.ಟಿ.ಪಿ.ಯನ್ನೂ ಹೇಳಿಬಿಟ್ಟರೆ ಪೆಟ್ಟಿಗೆಯ ಬೀಗದ ಕೈಯನ್ನೇ ಕೊಟ್ಟಂತೆ. ಮಾಹಿತಿ ಕೇಳುವವನು ಯಾವ ಉದ್ದೇಶಕ್ಕೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದು ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ದತ್ತಾಂಶ ಸಂರಕ್ಷಣಾ ಕಾಯಿದೆಯ ತತ್ತ್ವ. “ಕಂಪನಿಯ ಹೆಸರೇನು, ಪತ್ರ ಯಾವ ವಿಳಾಸದಿಂದ ಬರುತ್ತೆ?” ಎಂದು ಮೊದಲು ಕೇಳಿದರೆ, ಎಷ್ಟೋ ಕರೆಗಳು ಅಲ್ಲಿಗೇ ತಣ್ಣಗಾಗುತ್ತವೆ.

ಹಿಂದಿನ ಸಂಬಳ ಕೇಳುವುದನ್ನೇ ಕೆಲವು ದೇಶಗಳಲ್ಲಿ ತಡೆದಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು ೨೦೧೬ರಲ್ಲಿ ಅಂಥ ಕಾನೂನು ಮಾಡಿ ೨೦೧೮ರಲ್ಲಿ ಜಾರಿಗೆ ತಂದಿತು. ಕ್ಯಾಲಿಫೋರ್ನಿಯಾದಲ್ಲಿಯೂ ೨೦೧೮ರಿಂದ ಕೇಳುವಂತಿಲ್ಲ. ಐರೋಪ್ಯ ಒಕ್ಕೂಟದ ೨೦೨೩ರ ನಿರ್ದೇಶನವು ಸದಸ್ಯ ರಾಷ್ಟ್ರಗಳು ೨೦೨೬ರ ಜೂನ್ ತಿಂಗಳೊಳಗೆ ಇಂಥ ಕಾನೂನು ಮಾಡಬೇಕೆಂದು ವಿಧಿಸಿತು. ಕಡಿಮೆ ಸಂಬಳಕ್ಕೆ ಆರಂಭಿಸಿದ ಹೆಂಗಸರು ಜೀವಮಾನವೆಲ್ಲ ಕಡಿಮೆಯಲ್ಲಿಯೇ ಉಳಿಯುತ್ತಾರೆಂಬುದು ಅವರಿಗೆ ಕಂಡ ಕಾರಣ. ಭಾರತದಲ್ಲಿ ಖಾಸಗಿ ಕಂಪನಿಯನ್ನು ಹೀಗೆ ತಡೆಯುವ ಕಾನೂನಿಲ್ಲ. ಉತ್ತರ ಹೇಳಲೇಬೇಕೆಂದು ಅಭ್ಯರ್ಥಿಯನ್ನು ಕಟ್ಟಿಹಾಕುವ ಕಾನೂನೂ ಇಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು, ಏಜೆಂಟನು ನೆಂಟನೇ ಆಗಿರುವ ಸಂದರ್ಭ. ಈ ತಾಲ್ಲೂಕುಗಳಲ್ಲಿ ಕಾರ್ಖಾನೆಗೆ ಆಳು ಹೊಂದಿಸುವವನು ಅನೇಕ ವೇಳೆ ಅತ್ತೆಯ ಮಗ, ಚಿಕ್ಕಪ್ಪನ ಬೀಗ, ಇಲ್ಲವೇ ಪಕ್ಕದ ಊರಿನ ಯಜಮಾನರ ಅಳಿಯ. ಅವನಿಗೆ ‘ಹೇಳುವುದಿಲ್ಲ’ ಎಂದರೆ ಮುಂದಿನ ಗೃಹಪ್ರವೇಶದಲ್ಲಿ ತಾಯಿಗೆ ಮಾತು ಬರುತ್ತದೆ.

“ಏನೋ, ಎಷ್ಟ್ ಕೊಡ್ತಾವ್ರೆ ಈಗ?” ಎಂದು ಅವನು ಕೇಳಿದರೆ, “ನೀನೇ ಹೇಳ್ಬುಡು ಮಾವ, ಆ ಕೆಲ್ಸುಕ್ಕೆ ನಿಮ್ಮೋರು ಎಷ್ಟ್ ಕೊಡ್ತಾರೆ ಅಂತ. ನಿನ್ ಬಾಯಲ್ಲಿ ಒಳ್ಳೇದೇ ಬರ್ಲಿ” ಎಂದು ನಗುತ್ತ ತಿರುಗಿಸಬಹುದು.

“ನನ್ಗೇ ಹೇಳಕ್ಕಿಲ್ವಾ?”

“ಅಪ್ಪುಂಗೇ ಹೇಳಿಲ್ಲ ಮಾವ, ಹೇಳಿದ್ರೆ ಬೈಕ್ ತಗೊಂಡಿದ್ಕೆ ಲೆಕ್ಕ ಕೇಳ್ತರೆ.”

ನಗೆಯಲ್ಲಿ ಹೇಳಿದ್ದು ನೆಂಟಸ್ತಿಕೆಗೆ ಹಾನಿ ಮಾಡುವುದಿಲ್ಲ. ಆದರೆ ಕೆಲಸವೇ ಗೊತ್ತಾದಾಗ ನೆಂಟನ ಬಾಯಿಮಾತನ್ನು ನಂಬಿ ರಾಜೀನಾಮೆ ಕೊಡುವುದು ಬೇಡ. “ಸೋಮವಾರ ಬಂದ್ಬುಡು, ಎಲ್ಲಾ ಆಗದೆ” ಎಂದವನು ಕಂಪನಿಯ ಯಜಮಾನನಲ್ಲ. ಸಂಬಳ, ಹುದ್ದೆ, ಸೇರುವ ದಿನ, ಮೂರೂ ಬರೆದ ಪತ್ರವು ಕಂಪನಿಯ ಹೆಸರಿನಲ್ಲಿ ಕೈಗೆ ಬಂದ ಮರುದಿನವೇ ಹಳೆಯ ಕಡೆ ನೋಟಿಸು ಕೊಡತಕ್ಕದ್ದು. ಮಾತು ನಂಬಿ ಬಿಟ್ಟುಬಂದವನಿಗೆ ಸೋಮವಾರ ಕಳೆದು ಇನ್ನೊಂದು ಸೋಮವಾರ ಬರುವ ಹೊತ್ತಿಗೆ, ಬ್ಯಾರನ್ನಿನ ಮುಂದೆ ಸೌದೆ ಒಡೆಯುವ ಕೆಲಸವೊಂದೇ ಉಳಿದಿರುತ್ತದೆ.

ಕೊನೆಗೆ, ಕರೆಯನ್ನು ಎಲ್ಲಿ ತೆಗೆದುಕೊಳ್ಳಬೇಕೆಂಬ ಸಣ್ಣ ಸಂಗತಿಯೊಂದಿದೆ. ಕಂಪನಿಯ ಕಂಪ್ಯೂಟರಿನಿಂದ ಅರ್ಜಿ ಕಳುಹಿಸಬಾರದು, ಕಂಪನಿಯ ಹೊತ್ತಿನಲ್ಲಿ ಮಾತಾಡಬಾರದು ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಸಂಜೆಯ ಬಸ್ಸಿನ ಅಪಾಯ ಹೊಳೆಯುವುದಿಲ್ಲ. ಮೈಸೂರು ಬಿಟ್ಟ ಹುಣಸೂರು ಬಸ್ಸಿನಲ್ಲಿ ಮುಂದಿನ ಸೀಟಿನವನು ಅದೇ ಕಾರ್ಖಾನೆಯ ಸ್ಟೋರಿನವನು, ಹಿಂದಿನ ಸೀಟಿನವನು ಸೂಪರ್‌ವೈಸರನ ಬಾಮೈದ. ಇಲವಾಲದಲ್ಲಿ ಶುರುವಾದ ಮಾತು ಬಿಳಿಕೆರೆ ದಾಟುವ ಹೊತ್ತಿಗೆ ಅರ್ಧ ಬಸ್ಸಿಗೆ ತಿಳಿದಿರುತ್ತದೆ. “ಎಂಟು ಗಂಟೆ ಮೇಲೆ ಮಾಡಿ ಸಾರ್, ಮನೇಲಿರ್ತೀನಿ” ಎಂದು ಹೇಳಿ, ಮೊಬೈಲನ್ನು ಜೇಬಿಗಿಳಿಸಿ, ಕಿಟಕಿಯ ಕಡೆ ತಿರುಗಿ ಕುಳಿತರಾಯಿತು.